ಬಲಮುರಿ ಯಾರ ಬಲಕ್ಕೆ

ಭದ್ರಾವತಿಯ ನಾಗಯ್ಯನವರು ನಲವತ್ತಾರು ವರ್ಷ ಮರ ಕೆತ್ತಿದ್ದಾರೆ. ಆದರೂ ಜನ್ನಾಪುರದ ಅವರ ಮನೆಯಲ್ಲಿ ಅವರ ಕೈಯಿಂದಾದ ಸಾಮಾನು ಎಂದರೆ ಹಿತ್ತಿಲ ಬಾಗಿಲೊಂದೇ. ಅದೂ ನೆಟ್ಟಗೆ ಮುಚ್ಚುವುದಿಲ್ಲ.

ಇದನ್ನು ಕೇಳಿ ನೀವು ಅವರನ್ನು ಕೈಲಾಗದ ಬಡಗಿ ಎಂದುಕೊಂಡರೆ ತಪ್ಪು ನಿಮ್ಮದು. ನಾಗಯ್ಯ ಬಡಗಿಯೇ ಅಲ್ಲ, ಪ್ಯಾಟರ್ನ್ ಮಾಡುವವರು. ಫೌಂಡ್ರಿಯಲ್ಲಿ ಯಾವ ಲೋಹದ ಸಾಮಾನು ಎರಕ ಹೊಯ್ಯಬೇಕಾದರೂ ಮೊದಲು ಅದರ ರೂಪವನ್ನು ಮರದಲ್ಲಿ ಕೆತ್ತಿಕೊಳ್ಳಬೇಕು. ಆ ಮರವನ್ನು ಒದ್ದೆ ಮರಳಿನಲ್ಲಿ ಒತ್ತಿ ಮೆಲ್ಲಗೆ ಎತ್ತಿದರೆ ಅದು ಕೂತಿದ್ದ ಜಾಗ ಹಾಗೇ ಖಾಲಿ ಉಳಿಯುತ್ತದೆ. ಆ ಖಾಲಿಯೊಳಕ್ಕೆ ಕುದಿಯುವ ಲೋಹ ಸುರಿಯುತ್ತಾರೆ. ಲೋಹ ಆರುವಾಗ ಚೂರು ಕುಗ್ಗುತ್ತದೆ, ಆದ್ದರಿಂದ ಮರದ ರೂಪ ಚೂರು ದೊಡ್ಡದಿರಬೇಕು. ಅದಕ್ಕೆಂದೇ ಈ ಜನರ ಹತ್ತಿರ ಬೇರೆಯದೇ ಅಳತೆಪಟ್ಟಿ ಇರುತ್ತದೆ. ಅದರ ಒಂದು ಅಡಿ ಲೋಕದ ಒಂದು ಅಡಿಗಿಂತ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಉದ್ದ. ಹಿತ್ತಿಲ ಬಾಗಿಲನ್ನು ನಾಗಯ್ಯ ಅಭ್ಯಾಸಬಲದಿಂದ ಆ ಪಟ್ಟಿಯಲ್ಲೇ ಅಳೆದು ಮಾಡಿದರು. ಬಾಗಿಲು ಚೌಕಟ್ಟಿಗಿಂತ ಮುಕ್ಕಾಲು ಇಂಚು ಎತ್ತರವಾಯಿತು. ಆಮೇಲೆ ಸಿಟ್ಟಿನಿಂದ ಹೆರೆದು ಹೆರೆದು ಗಿಡ್ಡ ಮಾಡಿದರು.

"ಬಾಗ್ಲು ಆರಿದ್ ಮೇಲೆ ಕುಗ್ತದೆ ಅನ್ಕಂಡಿದ್ರಾ?" ಎಂದು ಅವರ ಹೆಂಡತಿ ಉಚ್ಚಂಗಮ್ಮ ಇವತ್ತಿಗೂ ಕೇಳುವುದುಂಟು.

ನಾಗಯ್ಯ ಹುಟ್ಟಿದ್ದು ಕುಂಸಿಯ ಹತ್ತಿರದ ಹಳ್ಳಿಯಲ್ಲಿ. ಹದಿನೆಂಟಕ್ಕೆ ಭದ್ರಾವತಿಗೆ ಬಂದು ಒಬ್ಬ ತಮಿಳು ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತರು. "ಇರುಂಬು ಸೂಡಲ್ಲಿ ದೊಡ್ಡದು, ಆರಿದ್ರೆ ಸಣ್ಣದು ತಂಬಿ, ನಮ್ ತರಾನೇ," ಎಂದು ಕಾದ ಕಬ್ಬಿಣ ತೋರಿಸಿ ಹೇಳುತ್ತಿದ್ದ ಆ ಮೇಸ್ತ್ರಿ. ಅಲ್ಲಿಂದ ಇಲ್ಲಿಯತನಕ ನಾಗಯ್ಯ ಎಷ್ಟು ಪಂಪು, ಎಷ್ಟು ಹಲ್ಲುಚಕ್ರ, ಎಷ್ಟು ಗಾಣದ ಉರುಳೆಗಳ ರೂಪ ಕೆತ್ತಿದರೋ ಲೆಕ್ಕವಿಲ್ಲ. ಮರ ಇಲ್ಲೇ ಉಳಿಯುತ್ತಿತ್ತು, ಲೋಹ ಲಾರಿ ಹತ್ತಿ ಹೋಗುತ್ತಿತ್ತು. ಎಲ್ಲಿಗೆ ಹೋಯಿತು, ಏನಾಯಿತು, ತಿರುಗಿತೋ ಇಲ್ಲವೋ ಯಾರೂ ಬಂದು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ಒಂದಾದರೂ ಓಡುವುದನ್ನು ಅವರು ಕಣ್ಣಾರೆ ನೋಡಿದವರಲ್ಲ. ಚಿಕ್ಕವರಿದ್ದಾಗ ಇದು ಅವರಿಗೆ ಹೊಳೆದೇ ಇರಲಿಲ್ಲ. ಅರವತ್ತು ದಾಟಿದ ಮೇಲೆ ಅದು ಒಂದು ಹಸಿವಿನಂತೆ ಶುರುವಾಯಿತು.

ಈಗ ಅವರು ದಿನಾ ಬೆಳಿಗ್ಗೆ ಶಿವಮೊಗ್ಗದ ಖಾಸಗಿ ಬಸ್ಸು ಹತ್ತಿ ಮಾಚೇನಹಳ್ಳಿಯಲ್ಲಿ ಇಳಿಯುತ್ತಾರೆ. ಅಲ್ಲಿ ನಿರಂಜನ ಎಂಬವರ ಸಣ್ಣ ಫೌಂಡ್ರಿ ಇದೆ. ನಿರಂಜನ ಶಿವಮೊಗ್ಗದ ಸಂಸ್ಕೃತ ಮೇಷ್ಟ್ರೊಬ್ಬರ ಮಗ. ಮಂತ್ರ ಬಿಟ್ಟು ಮರಳು ಹಿಡಿದವನು ಎಂದು ಅವರ ಮನೆಯಲ್ಲಿ ತಮಾಷೆ ಮಾಡುತ್ತಾರಂತೆ. ಒಂದು ಸೋಮವಾರ ಅವರು ದೊಡ್ಡದೊಂದು ನಕ್ಷೆಯನ್ನು ನಾಗಯ್ಯನವರ ಬೆಂಚಿನ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಉಳಿ ಇಟ್ಟರು.

"ಗಸ್ತು ದೋಣಿ ನಾಗಯ್ಯ. ಸಮುದ್ರದ ಗಡಿ ಕಾಯೋದು. ಅದರ ಅಡೀಲಿ ಎರಡು ಫ್ಯಾನು ಇರುತ್ತಲ್ಲ, ನೀರು ತಳ್ಳೋದು, ಅದರ ಆರ್ಡರ್ ನಮಗೆ ಸಿಕ್ಕಿದೆ. ಕಂಚಿಂದು."

ನಾಗಯ್ಯ ಸಮುದ್ರ ನೋಡಿದವರಲ್ಲ. ನಗಬೇಡಿ, ಘಾಟಿ ಇಳಿದರೆ ಸಿಗುವ ಸಮುದ್ರವನ್ನು ನೋಡದೆ ಮುದುಕರಾದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಭದ್ರಾ ಡ್ಯಾಮಿನ ಹಿನ್ನೀರೇ ಅವರಿಗೆ ದೊಡ್ಡ ನೀರು.

"ಅಲ್ಲಾ ಸಾರ್, ನೀರಿಗೂ ಗಡಿ ಐತಾ? ಕಲ್ಲು ಗಿಲ್ಲು ನೆಟ್ಟಿರ್ತಾರಾ?"

"ಎಲ್ಲಿ ಕಲ್ಲು ಮಾರಾಯ್ರೆ! ಗೆರೆ ಮ್ಯಾಪಲ್ಲಿ ಮಾತ್ರ. ನೀರಿನ ಮೇಲೆ ಏನೂ ಇರಲ್ಲ. ಇಲ್ಲದಿರೋ ಗೆರೆ ಗುಂಟ ಆ ಕಡೆ ಈ ಕಡೆ ಓಡಾಡ್ತಾ ಇರೋದೇ ಅದರ ಕೆಲಸ."

ಈ ಮಾತು ನಾಗಯ್ಯನವರ ತಲೆಯೊಳಗೆ ಕೂತುಬಿಟ್ಟಿತು. ಖಾಲಿ ಜಾಗವನ್ನು ಜತನ ಮಾಡುವ ಕೆಲಸ ಅವರಿಗೆ ಗೊತ್ತಿದ್ದದ್ದೇ. ಸಂಜೆ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರೆ ದೋಣಿ ಕಾಣುತ್ತಿತ್ತು. ಬೂದು ಬಣ್ಣದ ದೋಣಿ, ಎಳೆ ಬಿಸಿಲಲ್ಲಿ ನೀರನ್ನು ಎರಡು ಪಾಲು ಮಾಡಿಕೊಂಡು ನೇರ ಅವರ ಎದುರಿಗೇ ಬರುತ್ತಿತ್ತು. ಅದರ ಮೂಗಿನ ತುದಿಯಲ್ಲಿ ನೊರೆ ಇರುತ್ತಿತ್ತು. ಇನ್ನೇನು ಹತ್ತಿರ ಬಂತು ಅನ್ನುವಷ್ಟರಲ್ಲಿ ಕಂಡಕ್ಟರ್ ಕೂಗುತ್ತಿದ್ದ. ಎರಡು ಸಲ ಇಳಿಯುವ ಸ್ಟಾಪು ದಾಟಿಹೋಗಿ ಹಿಂದಕ್ಕೆ ನಡೆದು ಬಂದರು.

ಮೂರನೇ ದಿನ ಅವರು ನಿರಂಜನರ ಮುಂದೆ ನಿಂತು ತಮ್ಮ ಜೀವಮಾನದ ಮೊದಲ ಬೇಡಿಕೆ ಇಟ್ಟರು.

"ಸಾರ್, ಇದೊಂದು ಮಾತ್ರ ಓಡೋದು ನಾನು ನೋಡ್ಬೇಕು. ಆಮೇಲೆ ಉಳಿ ಕೆಳಗಿಡು ಅಂದ್ರೂ ಇಡ್ತೀನಿ."

ನಿರಂಜನ ನಕ್ಕು, "ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ," ಎಂದರು. ಹಾಗೆಂದವರು ಮರೆಯಲೂ ಇಲ್ಲ. ಮಾಲೀಕರಲ್ಲಿ ಇಂಥವರು ಅಪರೂಪ ಎಂದು ಹೇಳಿಯೇ ಮುಂದಕ್ಕೆ ಹೋಗಬೇಕು.

ಎರಡು ಫ್ಯಾನು ಎಂದರೆ ಎರಡೂ ಒಂದೇ ಥರದವಲ್ಲ. ನಿರಂಜನ ನಕ್ಷೆಯ ಮೂಲೆಯ ಬರಹವನ್ನು ಓದಿ ಹೇಳಿದರು: "ದೋಣಿಯ ಬಲಗಡೆ ಕೂರೋದು ಬಲಕ್ಕೆ, ಗಡಿಯಾರದ ಮುಳ್ಳಿನ ಹಾಗೆ ತಿರುಗಬೇಕು, ಎಡಗಡೇದು ಎಡಕ್ಕೆ. ಹಿಂದಿಂದ ನೋಡಿದಾಗ ಅಂತ ಬರೆದಿದಾರೆ."

"ಅಂದ್ರೆ ಒಂದು ಬಲಮುರಿ, ಒಂದು ಎಡಮುರಿ."

"ಅಷ್ಟೇ ಮತ್ತೆ."

ಬಲಮುರಿ ಎಂದರೆ ನಾಗಯ್ಯನವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಬಸ್ ಸ್ಟಾಪಿನ ಹತ್ತಿರದ ಗುಡಿಯಲ್ಲಿ ದಿನಾ ಕೈಮುಗಿಯುವುದೇ ಬಲಮುರಿ ಗಣಪತಿಗೆ. ಸೊಂಡಿಲು ಬಲಕ್ಕೆ ತಿರುಗಿದೆ, ಅದು ದೇವರ ಬಲ. ಎದುರಿಗೆ ನಿಂತ ನಮಗೆ ಅದು ಎಡ. ದೇವರ ಮುಂದೆ ನಿಂತಾಗ ನಮ್ಮ ಎಡಬಲದ ಲೆಕ್ಕ ನಡೆಯದು ಎಂದು ಅಜ್ಜಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು.

ಕೆಲಸಕ್ಕೆ ಎರಡೂವರೆ ತಿಂಗಳು ಹಿಡಿಯಿತು. ತೇಗದ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಆ ಮೆಟ್ಟಿಲುಗಳನ್ನು ಹೆರೆದು ಹೆರೆದು ಒಂದು ತಿರುಚಿದ ರೆಕ್ಕೆ ಹೊರಬರುತ್ತಿತ್ತು. ಅಂಗೈಯಲ್ಲಿ ಸವರಿ ನೋಡುವುದು, ಕಣ್ಣು ಮುಚ್ಚುವುದು. ಮುಚ್ಚಿದ ಕೂಡಲೇ ಎದುರಿಗೆ ದೋಣಿ ಬರುವುದು. ದೋಣಿಯ ಬಲ ಯಾವುದು? ಅದರದೇ ಬಲ, ನನ್ನದಲ್ಲ. ಅದರಲ್ಲಿ ಅವರು ತಪ್ಪಲಿಲ್ಲ. ಅಲ್ಲಿ ಕೂತ ಫ್ಯಾನು ಬಲಕ್ಕೆ ತಿರುಗಬೇಕು. ಹೀಗೆ ಎಂದು ಗಾಳಿಯಲ್ಲಿ ಬೆರಳು ಸುತ್ತಿಸಿ, ಸುತ್ತಿದ ಹಾಗೇ ರೆಕ್ಕೆ ಬಾಗಿಸಿದರು. ಸುತ್ತಲೂ ಹೊಟ್ಟು ಉದುರಿ ಕಾಲು ಮುಚ್ಚುತ್ತಿತ್ತು. ಊಟದ ಗಂಟೆ ಹೊಡೆದದ್ದೂ ಕೆಲವು ದಿನ ಅವರಿಗೆ ಕೇಳಿಸುತ್ತಿರಲಿಲ್ಲ.

ಕೊನೆಗೆ ಗುರುತಿಗೆಂದು ಒಂದರ ನಡುವೆ 'ಬ' ಎಂದೂ ಇನ್ನೊಂದರ ನಡುವೆ 'ಎ' ಎಂದೂ ಪುಟ್ಟ ಮರದ ಅಕ್ಷರ ಅಂಟಿಸಿದರು. ಎರಕವಾದ ಮೇಲೆ ಆ ಅಕ್ಷರಗಳೂ ಕಂಚಿನವಾದವು. ದೋಣಿ ಕಟ್ಟುವ ಯಾರ್ಡಿನಿಂದ ತಪಾಸಣೆಗೆ ಬಂದ ಎಂಜಿನಿಯರ್ ಬಿಂದುಶ್ರೀ ದಪ್ಪ ಅಳೆದಳು, ತೂಕ ನೋಡಿದಳು, ರೆಕ್ಕೆಯ ಓರೆ ಅಳೆದಳು. ಯಾವುದೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅಕ್ಷರ ನೋಡಿ ಅವಳ ಮುಖ ಅರಳಿತು.

"ಬಲ, ಎಡ! ಎಷ್ಟು ಚೆನ್ನಾಗಿದೆ. ಇದನ್ನ ಉಜ್ಜಿ ತೆಗೀಬೇಡಿ. ಹೀಗೇ ಕೂರಿಸ್ತೀವಿ."

ಎಡವಟ್ಟು ಎಂಬ ಮಾತಿನಲ್ಲಿ ಎಡ ಯಾಕೆ ಸೇರಿಕೊಂಡಿದೆಯೋ, ಪಂಡಿತರನ್ನು ಕೇಳಬೇಕು. ಓದಿದವರು ಇಬ್ಬರಿದ್ದರು, ಕೈ ಪಳಗಿದವರು ಒಬ್ಬರಿದ್ದರು. ಮೂವರೂ ಅಕ್ಷರ ನೋಡಿದರೇ ಹೊರತು ರೆಕ್ಕೆ ಯಾವ ಕಡೆ ಬಾಗಿದೆ ಎಂದು ಯಾರೂ ನೋಡಲಿಲ್ಲ.

ಮಾಘ ಮಾಸದಲ್ಲಿ ಒಂದು ದಿನ ನಸುಕಿಗೇ ನಿರಂಜನರ ಕಾರು ಹೊರಟಿತು. ನಾಗಯ್ಯ ಮಗಳ ಮದುವೆಗೆ ಹೊಲಿಸಿದ ಬಿಳಿ ಅಂಗಿ ಹಾಕಿದ್ದರು. ಹುಲಿಕಲ್ ಘಾಟಿ ಇಳಿಯುವಾಗ ಅವರಿಗೆ ಕಿವಿ ಗುಂಯ್ ಎಂದಿತು, ಗಾಳಿ ಬೆಚ್ಚಗಾಯಿತು. ಹೊತ್ತೇರುವ ಮುಂಚೆ ನದಿ ಸಮುದ್ರ ಸೇರುವ ಜಾಗದ ಯಾರ್ಡು ತಲುಪಿದರು. ಕಾರಿನಿಂದಿಳಿದ ನಾಗಯ್ಯ ಹಣೆಗೆ ಕೈ ಅಡ್ಡ ಹಿಡಿದು ಸಮುದ್ರ ನೋಡಿದರು. ಅಷ್ಟು ನೀರಿನ ಮೇಲೆ ಒಂದು ಗೆರೆಯೂ ಇರಲಿಲ್ಲ.

ದೋಣಿ ಕಟ್ಟೆಗೆ ಹಗ್ಗ ಕಟ್ಟಿಸಿಕೊಂಡು ನಿಂತಿತ್ತು, ಮೂಗು ಸಮುದ್ರದ ಕಡೆ, ಬೆನ್ನು ಇವರ ಕಡೆ. ಎರಡೂವರೆ ತಿಂಗಳು ಕನಸಿನಲ್ಲಿ ಕಂಡ ದೋಣಿಯ ಬೆನ್ನನ್ನು ಅವರು ನೋಡಿದ್ದು ಅದೇ ಮೊದಲು. ಯಾರೋ ನಿಂಬೆಹಣ್ಣು ಇಟ್ಟರು, ಯಾರೋ ಕಾಯಿ ಒಡೆದರು. ಬಿಂದುಶ್ರೀ ನಾಗಯ್ಯನವರನ್ನು ಕೈಹಿಡಿದು ಕಟ್ಟೆಯ ತುದಿಗೆ, ಎಲ್ಲರಿಗಿಂತ ಮುಂದೆ, ತಂದು ನಿಲ್ಲಿಸಿದಳು. ಹಗ್ಗ ಬಿಚ್ಚಿದರು. ಎಂಜಿನ್ ಗುಡುಗಿತು. ದೋಣಿಯೊಳಗಿದ್ದವನು ಮುಂದಕ್ಕೆ ಎಂದು ಲಿವರ್ ತಳ್ಳಿದ.

ದೋಣಿ ಹಿಂದಕ್ಕೆ ಬಂತು.

ನೆಟ್ಟಗೆ, ಒಂದಿಷ್ಟೂ ಅಳುಕದೆ, ನಾಗಯ್ಯನವರ ಕಡೆಗೇ ಬಂತು. ಜನ ಹೋ ಎಂದರು, ಒಬ್ಬರ ಕೈಯಿಂದ ಟೀ ಲೋಟ ಬಿತ್ತು, ನಿರಂಜನ "ಹಿಂದೆ ಬನ್ರೀ" ಎಂದು ಅರಚಿದರು. ನಾಗಯ್ಯ ಮಾತ್ರ ಕದಲಲಿಲ್ಲ. ನಿಜ ಹೇಳಬೇಕೆಂದರೆ ಆ ನಾಲ್ಕೈದು ಕ್ಷಣ ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. ತಾನು ಮಾಡಿದ್ದೊಂದು ತನ್ನನ್ನೇ ಹುಡುಕಿಕೊಂಡು ಬರುತ್ತಿದೆ ಎಂದೇ ಅನ್ನಿಸಿತು. ದೋಣಿ ಕಟ್ಟೆಗೆ ಕಟ್ಟಿದ್ದ ಟೈರುಗಳಿಗೆ ಢಬ್ಬೆಂದು ತಾಗಿ ನಿಂತಿತು. ಎಂಜಿನ್ ಆರಿಸಿದರು.

ಅವರು ಅಲ್ಲೇ ನಿಂತು ಬೆರಳನ್ನು ಗಾಳಿಯಲ್ಲಿ ಬಲಕ್ಕೆ ಸುತ್ತಿಸಿದರು. ಆಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ತಿರುಗಿ ನಿಂತು, ಇನ್ನೊಮ್ಮೆ ಸುತ್ತಿಸಿದರು. ಹಿಂದಿನಿಂದ ನೋಡಿದಾಗ ಎಂದು ಬರೆದಿತ್ತು. ಕೆತ್ತುವಾಗ ಕಣ್ಣು ಮುಚ್ಚಿ ಅವರು ನೋಡಿದ್ದು ಎದುರಿನಿಂದ. ದೇವರನ್ನು ಯಾರಾದರೂ ಹಿಂದಿನಿಂದ ನೋಡುತ್ತಾರೆಯೇ? ಎದುರಿನಿಂದ ಬಲಕ್ಕೆ ಸುತ್ತಿದ್ದು ಹಿಂದಿನಿಂದ ಎಡಕ್ಕೆ ಸುತ್ತುತ್ತದೆ. ಫ್ಯಾನು ಎರಡೂ ಸರಿಯಾಗಿಯೇ ಇದ್ದವು, ಹೆಸರು ಅದಲು ಬದಲಾಗಿತ್ತು. 'ಬ' ಎಂದದ್ದು ಎಡಮುರಿ, 'ಎ' ಎಂದದ್ದು ಬಲಮುರಿ. ನಾಗಯ್ಯನವರ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಅಷ್ಟರಲ್ಲಿ ಅತ್ತ ಬೈಗುಳ ಶುರುವಾಗಿತ್ತು. ಯಾರ್ಡಿನ ಮೇಲಧಿಕಾರಿ ಆನಂದ್ ಎಂಬ ಮೆಕ್ಯಾನಿಕ್‌ನನ್ನು ನಿಲ್ಲಿಸಿಕೊಂಡು ಜಾಡಿಸುತ್ತಿದ್ದ. ಗೇರಿನ ತಂತಿಗಳನ್ನು ಜೋಡಿಸಿದ್ದು ಆನಂದ್. ಮುಂದಕ್ಕೆ ತಳ್ಳಿದರೆ ಹಿಂದಕ್ಕೆ ಹೋಗಬೇಕಾದರೆ ಇವನೇ ಉಲ್ಟಾ ಕಟ್ಟಿದ್ದಾನೆ ಎಂದು ಎಲ್ಲರ ತೀರ್ಮಾನ. ನಲವತ್ತರ ಆ ಮನುಷ್ಯ ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, "ನಾನು ಸರಿಯಾಗೇ ಕಟ್ಟಿದ್ದು ಸಾರ್," ಎಂದ. ಆಮೇಲೆ ಅವನಿಗೇ ತನ್ನ ಮೇಲೆ ಅನುಮಾನ ಬಂತು. "ಇರ್ಲಿ ಸಾರ್, ಉಲ್ಟಾ ಮಾಡಿ ಕಟ್ತೇನೆ. ಹತ್ತು ನಿಮಿಷ. ಈಗಲೇ ಮುಂದೆ ಹೋಗ್ತದೆ."

ಹತ್ತು ನಿಮಿಷ! ತಂತಿ ತಿರುವಿ ಕಟ್ಟಿದರೆ ದೋಣಿ ಈಗಲೇ ಓಡುತ್ತದೆ. ನಾಗಯ್ಯ ಕಟ್ಟೆಯ ತುದಿಯಲ್ಲಿ ನಿಂತು ಅದನ್ನು ಕಣ್ತುಂಬ ನೋಡಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೈಸಿಕೊಳ್ಳುವವನು ಆನಂದ್, ಗೇರು ಸದಾ ಹಿಮ್ಮುಖ ತಿರುಗಿ ತಿರುಗಿ ಯಾವತ್ತೋ ನಡುನೀರಿನಲ್ಲಿ ಮುರಿದರೆ ಸಾಯುವವರು ಇನ್ಯಾರೋ. ನಾಗಯ್ಯ ದೇವರಲ್ಲ, ಅವರಿಗೂ ಆಸೆಯಾಯಿತು. ದೋಣಿ ಹೋಗುವ ದಾರಿ ಕಾಣಲೆಂದು ಕಟ್ಟೆಯ ತುದಿಗೆ ಇನ್ನೊಂದು ಹೆಜ್ಜೆ ಇಟ್ಟೂ ಇಟ್ಟರು. ಆನಂದ್ ಸ್ಪ್ಯಾನರ್ ತೆಗೆದುಕೊಂಡು ದೋಣಿಗೆ ಒಂದು ಕಾಲು ಇಟ್ಟ.

"ಅವ್ರದ್ದೇನೂ ತಪ್ಪಿಲ್ಲ," ಎಂದರು ನಾಗಯ್ಯ.

ಯಾರಿಗೂ ಕೇಳಿಸಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷದಿಂದ ಎತ್ತರಿಸದ ದನಿಯನ್ನು ಎತ್ತರಿಸಿದರು.

"ತಂತಿ ಮುಟ್ಬೇಡಿ! ತಪ್ಪು ನಂದು. ಅಕ್ಷರ ನಾನು ಅದ್ಲುಬದ್ಲು ಹಾಕಿದೀನಿ. ದೋಣಿ ಮೇಲೆತ್ತಿ, ಆ ಕಡೇದು ಈ ಕಡೆ ಹಾಕಿ. ಸರಿ ಹೋಗ್ತೈತೆ."

ನಿರಂಜನರ ಮುಖ ಬಿಳಿಚಿತು. ಬಿಂದುಶ್ರೀ ನಕ್ಷೆ ತರಿಸಿದಳು, ಕೈಯನ್ನು ಗಾಳಿಯಲ್ಲಿ ಸುತ್ತಿಸಿ ನೋಡಿದಳು, ಮುಖ ಕೆಂಪಾಯಿತು. "ಚೆಕ್ ಮಾಡಬೇಕಿದ್ದದ್ದು ನಾನು," ಎಂದಳು ಸಣ್ಣ ದನಿಯಲ್ಲಿ. ಮೇಲಧಿಕಾರಿ ಅವತ್ತಿನ ಓಟವನ್ನು ರದ್ದು ಮಾಡಿದ. ದೋಣಿಯನ್ನು ಕ್ರೇನಿನಲ್ಲಿ ಎತ್ತಬೇಕು, ಬಿಚ್ಚಬೇಕು, ಬದಲಿಸಬೇಕು, ಮತ್ತೆ ಎಲ್ಲ ಅಳೆಯಬೇಕು. ಇನ್ನು ನೀರಿಗಿಳಿಯುವುದು ಮುಂದಿನ ವಾರವೇ. ಅದೂ ಅಧಿಕಾರಿಗಳ ಮುಂದೆ ಮಾತ್ರ, ಹೊರಗಿನವರಿಗೆ ಪ್ರವೇಶವಿಲ್ಲ.

"ನೀವು ಸುಮ್ನಿದ್ದಿದ್ರೆ ನೋಡ್ಬಹುದಿತ್ತಲ್ಲ ನಾಗಯ್ಯ," ಎಂದರು ನಿರಂಜನ. ಸಿಟ್ಟಿನಲ್ಲಿ ಎಂದರೋ ಮರುಕದಲ್ಲಿ ಎಂದರೋ ಅವರಿಗೇ ಗೊತ್ತಿರಲಿಲ್ಲ.

"ಹೂಂ ಸಾರ್, ನೋಡ್ಬಹುದಿತ್ತು," ಎಂದರು ನಾಗಯ್ಯ. ಅವರಿಗೆ ಅಳು ಬಂದಿತ್ತು. ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಕಾರಿನ ಕಡೆಗೆ ನಡೆದರು.

ಮಧ್ಯಾಹ್ನದ ಊಟ ಮುಗಿಸಿ ಹೊರಡುವ ಹೊತ್ತಿಗೆ ಕ್ರೇನು ದೋಣಿಯನ್ನು ಎತ್ತಿ ಶೆಡ್ಡಿನ ಪಕ್ಕದ ಮರದ ದಿಮ್ಮಿಗಳ ಮೇಲೆ ಕೂರಿಸಿತ್ತು. ಅದರ ಹೊಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಡಿಯಿಂದ ಆನಂದ್ ತಲೆ ಹೊರಗೆ ಹಾಕಿ ಕೂಗಿದ.

"ಅಜ್ಜಾ, ಬನ್ನಿ ಮಾರಾಯ್ರೆ ಇಲ್ಲಿ. ಒಂದು ನಿಮಿಷ."

ನಾಗಯ್ಯ ಬಗ್ಗಿ ದೋಣಿಯ ಅಡಿಗೆ ಹೋದರು. ತಂಪು, ಅರೆಬೆಳಕು, ಪಾಚಿಯ ವಾಸನೆ. ಎರಡು ಕಂಚಿನ ಫ್ಯಾನುಗಳು ತಮ್ಮ ದಂಡದ ತುದಿಯಲ್ಲಿ ಹೊಳೆಯುತ್ತಿದ್ದವು. ಅವುಗಳ ಹಿಂದೆ ನಿಂತು ನೋಡಿದರೆ ಬಲಕ್ಕೆ 'ಬ', ಎಡಕ್ಕೆ 'ಎ', ಎರಡೂ ಸುಳ್ಳು.

"ಆ ಅಕ್ಷರ ಉಜ್ಜಿ ತೆಗೆದ್ಬಿಡಪ್ಪ," ಎಂದರು ನಾಗಯ್ಯ.

"ಯಾಕೆ? ದೋಣಿಗೆ ಓದ್ಲಿಕ್ಕೆ ಬರೂದಿಲ್ಲ, ಬಿಡಿ," ಎಂದ ಆನಂದ್. "ಗೇರು ನ್ಯೂಟ್ರಲ್ಲಿಗೆ ಹಾಕಿದ್ದೇನೆ. ನಾಳೆ ಬಿಚ್ಚೂದು. ಅಷ್ಟರೊಳಗೆ ನೀವೊಮ್ಮೆ ತಿರುಗಿಸಿ."

ನಾಗಯ್ಯ ಒಂದು ರೆಕ್ಕೆಯ ಮೇಲೆ ಅಂಗೈ ಇಟ್ಟರು. ಮರದಲ್ಲಿ ಸಾವಿರ ಸಲ ಸವರಿದ ಆ ತಿರುವು ಕಂಚಿನಲ್ಲಿ ತಣ್ಣಗಿತ್ತು, ಒಂದು ಚೂರು ಸಣ್ಣದಾಗಿತ್ತು. ಮೆಲ್ಲಗೆ ತಳ್ಳಿದರು. ಅಷ್ಟು ಭಾರದ ಫ್ಯಾನು ಹಟ ಮಾಡದೆ ಸುತ್ತಿತು. ಇನ್ನೊಮ್ಮೆ ಜೋರಾಗಿ ತಳ್ಳಿದರು. ಅದು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬಂತು. ರೆಕ್ಕೆಗೆ ಅಂಟಿದ್ದ ನೀರು ಸಿಡಿದು ಅವರ ಮುಖಕ್ಕೆ, ತುಟಿಗೆ ಬಿತ್ತು. ಉಪ್ಪುಪ್ಪಾಗಿತ್ತು. ಆಮೇಲೆ ಪಕ್ಕದ್ದನ್ನೂ ತಿರುಗಿಸಿದರು. ಎರಡೂ ನಿಲ್ಲುವವರೆಗೆ ಅವರೂ ಆನಂದನೂ ನೋಡಿದರು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಉಚ್ಚಂಗಮ್ಮ.

"ಏನಾಯ್ತು? ಬೆಳಿಗ್ಗೆಯಿಂದ ಕಾಯ್ತಾ ಕೂತಿದೀನಿ. ನಿಮ್ ಫ್ಯಾನು ತಿರುಗ್ತಾ?"

"ತಿರುಗ್ತು ಕಣೆ."

"ನೋಡಿದ್ರಾ ಕಣ್ಣಾರೆ?"

"ನೋಡ್ದೆ."

"ಯಾರು ಓಡ್ಸಿದ್ದು? ದೊಡ್ಡ ಆಫೀಸರಾ?"

ನಾಗಯ್ಯ ಒದ್ದೆಯಾದ ಅಂಗೈಯನ್ನು ನೋಡಿಕೊಂಡರು.

"ನಾನೇ," ಎಂದರು.